ಹಸಿರು ಪಟ್ಟಿ ಮತ್ತು ಅತ್ತೆಯ ಏಣಿ

ಷಡ್ಡಕನ ಮುಂದೆ ಸುಳ್ಳು ಹೇಳುವವರು ಮೊದಲು ಆ ಸುಳ್ಳು ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ನಮ್ಮ ಏಣಿಯಪ್ಪನವರು ವಿಚಾರಿಸಿರಲಿಲ್ಲ.

ಏಣಿಯಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ಅಲ್ಯೂಮಿನಿಯಂ ಏಣಿ ಮಾಡುವ ಸಣ್ಣ ವರ್ಕ್‌ಶಾಪೊಂದನ್ನು ಇಟ್ಟುಕೊಂಡ ತಪ್ಪಿಗೆ ಬೀದಿಯವರೆಲ್ಲ ಸೇರಿ ದಯಪಾಲಿಸಿದ ಬಿರುದು. ಹೆಂಡತಿ ಮಾತ್ರ "ರೀ" ಎನ್ನುತ್ತಿದ್ದರು. ಸಿಟ್ಟು ಬಂದ ದಿನ ಅವರೂ ಬೀದಿಯವರ ಪಕ್ಷ ಸೇರುತ್ತಿದ್ದರು. ಇನ್ನು ಷಡ್ಡಕರು, ಅಂದರೆ ಹೆಂಡತಿಯ ತಂಗಿಯ ಗಂಡ, ರಬ್ಬರ್ ಸಾಮಾನು ತಯಾರಿಸುವವರು. ಏಣಿ ಜಾರದಂತೆ ಅದರ ಕಾಲಿಗೆ ಹಾಕುವ ರಬ್ಬರ್ ಬೂಟು ಅವರ ಕಾರ್ಖಾನೆಯಲ್ಲಿ ಬಹಳ ಚೆನ್ನಾಗಿ ತಯಾರಾಗುತ್ತಿತ್ತು. ಆ ಕಾರಣಕ್ಕೇ ಏಣಿಯಪ್ಪನವರು ಅದನ್ನು ಎಲ್ಲೋ ದೂರದಿಂದ, ಇನ್ಯಾರಿಂದಲೋ ತರಿಸುತ್ತಿದ್ದರು. ಷಡ್ಡಕನಿಂದ ಕೊಂಡರೆ ಮಾನ ಉಳಿಯುತ್ತದೆಯೇ?

ಆ ಭಾನುವಾರ ಇಬ್ಬರೂ ಅಳಿಯಂದಿರು ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಏಣಿಯಪ್ಪನವರು ಕೂತ ಜಾಗದಿಂದ ನೇರವಾಗಿ ಹಿತ್ತಿಲ ಗೋಡೆ ಕಾಣುತ್ತಿತ್ತು. ಗೋಡೆಗೆ ಒಂದು ಏಣಿ ಒರಗಿತ್ತು. ಹದಿನೈದು ವರ್ಷದ ಹಿಂದೆ ಅತ್ತೆ "ಒಂದೇ ಒಂದಿನಕ್ಕೆ ಕೊಡಿ ಅಳಿಯಂದ್ರೇ, ಬಲ್ಬು ಬದಲಾಯಿಸಿ ಕಳಿಸ್ತೀನಿ" ಎಂದು ತರಿಸಿಕೊಂಡಿದ್ದು. ಆ ಬಲ್ಬು ಹೋಯಿತು, ಅದರ ಮೊಮ್ಮಗ ಬಲ್ಬೂ ಹೋಯಿತು, ಏಣಿ ಮಾತ್ರ ಬರಲಿಲ್ಲ. ಅದು ಏಣಿಯಪ್ಪನವರು ವರ್ಕ್‌ಶಾಪು ತೆರೆದು ಮಾಡಿದ ಮೊಟ್ಟಮೊದಲ ಏಣಿ. ಕೇಳಬೇಕೆಂದು ಪ್ರತಿ ಭಾನುವಾರ ಬಾಯಿ ತೆರೆಯುತ್ತಿದ್ದರು. ಅತ್ತೆ ಆ ಬಾಯಿಗೆ ಇನ್ನೊಂದು ತುತ್ತು ಬಡಿಸಿಬಿಡುತ್ತಿದ್ದರು.

"ನಮ್ಮಲ್ಲಿ ಈಗೆಲ್ಲ ಇಆರ್‌ಪಿ ಕಣ್ರೀ ಷಡ್ಡಕ್ರೇ," ಎಂದರು ಷಡ್ಡಕರು, ನೀರಿನ ಲೋಟ ಎತ್ತುತ್ತ. "ಏನು ಕೊಂಡ್ವಿ, ಏನು ಮಾಡಿದ್ವಿ, ಗೋದಾಮಿನಲ್ಲಿ ಏನಿದೆ, ಯಾರು ಕೆಲಸಕ್ಕೆ ಬಂದ್ರು, ಎಲ್ಲ ಒಂದೇ ಸಾಫ್ಟ್‌ವೇರ್ ನೋಡ್ಕೊಳ್ಳುತ್ತೆ. ನಾನು ಸುಮ್ನೆ ಕೂತಿರ್ತೀನಿ. ನಿಮ್ಮಲ್ಲಿ ಪಾಪ ಇನ್ನೂ ಕೂಗಿ ಹೇಳೋದೇ ಅಲ್ವಾ?"

ಆ "ಪಾಪ" ಎಂಬ ಪದ ಏಣಿಯಪ್ಪನವರ ಹೊಟ್ಟೆಯಲ್ಲಿ ಊಟಕ್ಕಿಂತ ಮೊದಲು ಹೋಗಿ ಕೂತಿತು.

"ನಮ್ಮಲ್ಲೂ ಇದೆ," ಎಂದುಬಿಟ್ಟರು.

"ಹೌದಾ! ಯಾವುದು?"

"ದೊಡ್ಡದು."

ಹೆಂಡತಿ ಅಡುಗೆಮನೆ ಬಾಗಿಲಿನಿಂದ ಒಮ್ಮೆ ನೋಡಿದರು. ಮದುವೆಯಾದ ಗಂಡಸರಿಗೆ ಆ ನೋಟದ ವಿವರಣೆ ಬೇಕಿಲ್ಲ.

ದೇವರು ಕೆಲವು ಸುಳ್ಳುಗಳನ್ನು ಕೂಡಲೇ ಗಂಭೀರವಾಗಿ ತೆಗೆದುಕೊಳ್ಳುತ್ತಾನೆ. ಮರುದಿನ ಬೆಳಗ್ಗೆಯೇ ಅಗ್ನಿಶಾಮಕ ದಳದಿಂದ ಫೋನು ಬಂತು. ದಳದ ಎಲ್ಲ ಠಾಣೆಗಳಿಗೂ ಹೊಸ ಏಣಿ ಬೇಕು. ಆದರೆ ಕೆಲಸವೆಲ್ಲ ಕಂಪ್ಯೂಟರಿನಲ್ಲಿ ನಡೆಯುವ ಕಡೆಯಿಂದ ಮಾತ್ರ ಕೊಳ್ಳುತ್ತಾರಂತೆ. "ನಿಮ್ಮಲ್ಲಿ ಅಂಥ ವ್ಯವಸ್ಥೆ ಇದೆಯೇನ್ರೀ?" ಎಂದು ಅಧಿಕಾರಿಯ ದಪ್ಪ ದನಿ ಕೇಳಿತು. ಎರಡನೇ ಸಲ ಹೇಳುವಾಗ ಸುಳ್ಳು ನಾಲಿಗೆಗೆ ರೂಢಿಯಾಗಿರುತ್ತದೆ. "ಇದೆ ಸಾರ್" ಎಂದರು. "ಹಾಗಾದ್ರೆ ಈ ಶುಕ್ರವಾರವೇ ಹನ್ನೊಂದಕ್ಕೆ ಬರ್ತೀನಿ. ಒಂದು ಮಾದರಿ ಏಣಿ ರೆಡಿ ಇರ್ಲಿ. ಇಲ್ಲದಿದ್ರೆ ಬೇರೆಯವರನ್ನ ನೋಡ್ಕೋತೀನಿ," ಎಂದು ಫೋನು ಇಟ್ಟಾಯಿತು.

ಇದು ತಮಾಷೆಯ ಮಾತಲ್ಲ. ಆ ವರ್ಷ ಏಣಿ ಹತ್ತುವವರೇ ಕಡಿಮೆಯಾಗಿದ್ದರು. ಈ ಆರ್ಡರ್ ಕೈತಪ್ಪಿದರೆ ವರ್ಕ್‌ಶಾಪಿನ ಅರ್ಧಭಾಗಕ್ಕೆ ಬೀಗ ಹಾಕಿ, ಅರ್ಧ ಜನರನ್ನು ಮನೆಗೆ ಕಳಿಸಬೇಕಿತ್ತು. ಆ ಅರ್ಧದಲ್ಲಿ ಮೊದಲ ದಿನದಿಂದ ಜೊತೆಗಿದ್ದ ಮೇಸ್ತ್ರಿಯೂ ಒಬ್ಬರು. ಹಾಗಾಗಿ ಮಂಗಳವಾರವೇ ಸಾಫ್ಟ್‌ವೇರ್ ಬಂತು, ಅದರ ಹಿಂದೆಯೇ ಅದನ್ನು ಕಲಿಸುವ ಮೇಷ್ಟ್ರೂ ಬಂದರು.

ಮೇಷ್ಟ್ರು ತೆಳ್ಳಗಿನ ಮನುಷ್ಯ. ಪ್ರತಿ ವಾಕ್ಯದ ಕೊನೆಗೂ "ಅರ್ಥ ಆಯ್ತಾ ಸಾರ್?" ಎನ್ನುವ ಚಟ. ಏಣಿಯಪ್ಪನವರಿಗೆ ಪ್ರತಿ ಪ್ರಶ್ನೆಗೂ ತಲೆಯಾಡಿಸುವ ಚಟ. ಇಬ್ಬರ ಜೋಡಿ ಬಹಳ ಸೊಗಸಾಗಿ ಕೂಡಿಬಂತು.

"ಇದರಲ್ಲಿ ಎರಡು ಕಿಟಕಿ ಇದೆ ಸಾರ್. ಒಂದು ನಿಜವಾದ್ದು, ಇನ್ನೊಂದು ಅಭ್ಯಾಸಕ್ಕೆ. ಅಭ್ಯಾಸದ್ದರಲ್ಲಿ ಏನು ಬೇಕಾದ್ರೂ ಮಾಡಿ, ಯಾರಿಗೂ ಏನೂ ಆಗಲ್ಲ. ನಿಜದ್ದರಲ್ಲಿ ಮಾಡಿದ್ದು ಮಾತ್ರ ತಕ್ಷಣ ಸಂಬಂಧಪಟ್ಟವರ ಮೊಬೈಲಿಗೆ ಹೋಗುತ್ತೆ. ಎರಡೂ ನೋಡೋಕೆ ಒಂದೇ ಥರ. ಮೇಲಿನ ಪಟ್ಟಿಯ ಬಣ್ಣ ಮಾತ್ರ ಬೇರೆ. ಹಸಿರು ಪಟ್ಟಿ, ನೀಲಿ ಪಟ್ಟಿ. ಅರ್ಥ ಆಯ್ತಾ ಸಾರ್?"

ಏಣಿಯಪ್ಪನವರು ತಲೆಯಾಡಿಸಿದರು. ಯಾವುದು ಯಾವ ಬಣ್ಣ ಎಂದು ಮೇಷ್ಟ್ರು ಮುಂದೆ ಹೇಳುತ್ತಿದ್ದಂತೆ ಚಹಾ ಬಂತು. ಏಣಿಯಪ್ಪನವರ ಗಮನ ಬಿಸ್ಕತ್ತಿನ ಮೇಲೆ ಹೋಯಿತು. ಅಷ್ಟಕ್ಕೂ ಇದರಲ್ಲಿ ಕೇಳುವುದೇನಿದೆ? ಅವರ ವರ್ಕ್‌ಶಾಪಿನಲ್ಲಿ ಅದು ಮೊದಲಿನಿಂದ ಬಂದ ಪದ್ಧತಿ. ಏಣಿ ತಯಾರಾದ ಕೂಡಲೇ ಅದಕ್ಕೆ ಹಸಿರು ಚುಕ್ಕೆ ಇಡುತ್ತಾರೆ. ಹಸಿರು ಅಂದರೆ ಇನ್ನೂ ಪರೀಕ್ಷೆಯಲ್ಲಿದೆ, ಯಾರೂ ನಂಬಿ ಹತ್ತಬೇಡಿ ಎಂದರ್ಥ. ಪರೀಕ್ಷೆ ಮುಗಿದ ಮೇಲೆ ನೀಲಿ ಚುಕ್ಕೆ. ನೀಲಿ ಬಿದ್ದರೆ ಏಣಿ ಲೋಕಕ್ಕೆ ಸಲ್ಲುತ್ತದೆ. ಹಾಗಿದ್ದ ಮೇಲೆ ಹಸಿರು ಪಟ್ಟಿ ಅಭ್ಯಾಸದ್ದು, ನೀಲಿ ಪಟ್ಟಿ ನಿಜದ್ದು. ಇಷ್ಟು ಗೊತ್ತಾಗದಿದ್ದರೆ ಏಣಿಯಪ್ಪ ಅಂತ ಕರೆಸಿಕೊಂಡು ಏನು ಪ್ರಯೋಜನ?

ಮೇಷ್ಟ್ರು ಹೇಳಿದ್ದು ಸರಿಯಾಗಿ ಅದರ ಉಲ್ಟಾ ಎಂದು ಓದುಗರಿಗೆ ಈಗಲೇ ತಿಳಿಸಿಬಿಡುತ್ತೇನೆ. ಏಣಿಯಪ್ಪನವರಿಗೆ ತಿಳಿಯಲು ಇನ್ನೂ ಸಮಯವಿದೆ.

ಮೇಷ್ಟ್ರು ಶುಕ್ರವಾರ ಬರುತ್ತೇನೆಂದು ಹೊರಟರು. ಏಣಿಯಪ್ಪನವರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಭಾಷಣ ಮಾಡಿದರು. "ಇನ್ಮೇಲೆ ಬಾಯಿಮಾತಿಲ್ಲ. ಕಂಪ್ಯೂಟರು ಹೇಳದೆ ಯಾರೂ ಒಂದು ಸ್ಕ್ರೂ ಕೂಡ ತಿರುಗಿಸೋ ಹಾಗಿಲ್ಲ. ಮೇಸ್ತ್ರಿ, ತಿಳೀತಾ?"

"ಅದು ನನಗೆ ಹೇಗೆ ಹೇಳುತ್ತೆ ಸಾಹುಕಾರ್ರೇ?"

"ನಿನ್ನ ಮೊಬೈಲಿಗೆ ಬರುತ್ತೆ. ಬಂದ ಮೇಲೆ ಮಾಡು. ಬರದಿದ್ರೆ ನಾನೇ ಬಂದು ಕಾಲಿಗೆ ಬಿದ್ರೂ ಮಾಡಬೇಡ."

ಮೇಸ್ತ್ರಿ ಮಾತಿಗೆ ಕಟ್ಟುಬಿದ್ದವರು. ಆ ಕ್ಷಣದಿಂದ ಕೈಕಟ್ಟಿ ಕೂತರು.

ಏಣಿಯಪ್ಪನವರು ತಮ್ಮ ಗಾಜಿನ ಕೋಣೆ ಸೇರಿ, ಮೊದಲು ನೀಲಿ ಪಟ್ಟಿಯನ್ನು ತೆರೆದು, ಬೆರಳಿಟ್ಟು ಬೆರಳಿಟ್ಟು, ಬೆವರೊರೆಸಿಕೊಂಡು, ಅಗ್ನಿಶಾಮಕ ದಳದ ಮಾದರಿ ಏಣಿಯ ಕೆಲಸವನ್ನು ಮೇಸ್ತ್ರಿಯ ಹೆಸರಿಗೆ ಬರೆದರು. ಎಂಥ ಶ್ರದ್ಧೆ, ಎಂಥ ಭಯಭಕ್ತಿ! ಆ ಆದೇಶ ಅಭ್ಯಾಸದ ಕಿಟಕಿಯಲ್ಲೇ ನೆಮ್ಮದಿಯಾಗಿ ಮಲಗಿತು.

ಆಮೇಲೆ ಹಸಿರು ಪಟ್ಟಿ ತೆರೆದರು. ಇಲ್ಲಿ ಹೆದರಿಕೆಯಿಲ್ಲ, ಯಾರಿಗೂ ಏನೂ ಆಗಲ್ಲ ಎಂದು ಮೇಷ್ಟ್ರೇ ಹೇಳಿದ್ದಾರೆ. "ಸರಬರಾಜುದಾರರ ಹೆಸರು ಮತ್ತು ಮೊಬೈಲ್ ಸಂಖ್ಯೆ?" ಎಂದು ಅದು ಕೇಳಿತು. ಏಣಿಯಪ್ಪನವರಿಗೆ ಬಾಯಿಪಾಠವಾಗಿದ್ದ ಸಂಖ್ಯೆಗಳೆಲ್ಲ ನೆಂಟರವೇ. ಮೊದಲು ಅತ್ತೆ ಎಂದು ಹೊಡೆದರು. "ಬರಬೇಕಾದ ವಸ್ತು?" ಹದಿನೈದು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದುದು ಬೆರಳ ತುದಿಗೆ ಬಂತು. ಏಣಿ, ಒಂದು. "ಬರಬೇಕಾದ ಸಮಯ?" ಶುಕ್ರವಾರ ಹನ್ನೊಂದು. "ಇವರ ಸೇವೆಯ ದರ್ಜೆ?" ತೀರಾ ಕಳಪೆ! ಒತ್ತಿದ ಮೇಲೆ ಎದೆಯ ಭಾರ ಎಷ್ಟೋ ಇಳಿಯಿತು.

ಹುರುಪು ಬಂದುಬಿಟ್ಟಿತು. ಷಡ್ಡಕರಿಗೆ ಆರ್ಡರ್ ಕೊಡುವ ಗತ್ತು ಹೇಗಿರುತ್ತದೆ ನೋಡೋಣವೆಂದು ರಬ್ಬರ್ ಬೂಟು ಬರೆದು, ಅದಕ್ಕೂ ಅದೇ ಶುಕ್ರವಾರ ಹನ್ನೊಂದು ಹಾಕಿ, ಸೊನ್ನೆಯ ಗುಂಡಿಯನ್ನು ಸ್ವಲ್ಪ ಹೆಚ್ಚು ಹೊತ್ತೇ ಒತ್ತಿ, "ಬಹಳ ತುರ್ತು" ಎಂದು ಸೇರಿಸಿದರು. ಹೆಂಡತಿಯನ್ನು ಊಟದ ಡಬ್ಬಿಯ ಸರಬರಾಜುದಾರರೆಂದು ದಾಖಲಿಸಿ, "ಪದೇಪದೇ ವಿಳಂಬ, ಕಾರಣ ಕೇಳಿ" ಎಂದು ಗುರುತು ಹಾಕಿದರು. "ಇವನ್ನು ಒಪ್ಪಬೇಕಾದ ವ್ಯವಸ್ಥಾಪಕರು ಯಾರು?" ಎಂದಿತು ಕಂಪ್ಯೂಟರು. ಕಿಟಕಿಯಾಚೆ ಗೇಟಿನ ಬಳಿ ವಾಚ್‌ಮನ್ ತೂಕಡಿಸುತ್ತಿದ್ದ. ಅವನನ್ನೇ ವ್ಯವಸ್ಥಾಪಕನನ್ನಾಗಿ ಮಾಡಿದರು. ಕೊನೆಗೆ "ನಿವೃತ್ತಿ" ಎಂಬ ಗುಂಡಿಯೊಂದು ಕಂಡಿತು. ಒತ್ತಿದರೆ ಏನಾಗುತ್ತದೋ? ತಮ್ಮ ಹೆಸರನ್ನೇ ಹಾಕಿ ಒತ್ತಿದರು. "ತಮ್ಮ ದೀರ್ಘ ಸೇವೆಗೆ ಧನ್ಯವಾದಗಳು" ಎಂದು ಮೂಡಿತು. ಇಷ್ಟು ವರ್ಷಗಳಲ್ಲಿ ಯಾರೊಬ್ಬರೂ ಹೇಳದ ಮಾತು. ಏಣಿಯಪ್ಪನವರ ಕಣ್ಣು ಒದ್ದೆಯಾಯಿತು.

ಮರುದಿನದಿಂದ ಲೋಕದ ವರಸೆಯೇ ಬದಲಾಯಿತು.

ಗೇಟಿನಲ್ಲಿ ವಾಚ್‌ಮನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುರ್ಚಿಯ ಮೇಲೆ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಏಣಿಯಪ್ಪನವರನ್ನು ಕಂಡು ಏಳಲಿಲ್ಲ. "ಬನ್ನಿ ಬನ್ನಿ. ನೀವು ಯಾವಾಗ ಬೇಕಾದ್ರೂ ಬರಬಹುದು, ಸಂಕೋಚ ಬೇಡ. ವಯಸ್ಸಾದವರು, ಮನೇಲಿ ಬೇಜಾರಾಗುತ್ತೆ," ಎಂದ. ಮೊಬೈಲಿಗೆ ಏನೋ ಬಂತು. "ಒಪ್ಪಿದೆ" ಎಂದು ಗಂಭೀರವಾಗಿ ಒತ್ತಿದ. ಸಾಫ್ಟ್‌ವೇರ್ ಬಂದರೆ ಕೆಲಸಗಾರರಲ್ಲಿ ಶಿಸ್ತು ಬರುತ್ತದೆಂದು ಮೇಷ್ಟ್ರು ಹೇಳಿದ್ದು ಏಣಿಯಪ್ಪನವರಿಗೆ ನೆನಪಾಯಿತು.

ಮಧ್ಯಾಹ್ನ ಊಟದ ಡಬ್ಬಿ ಬಂತು. ತೆರೆದರೆ ಒಳಗೆ ಒಂದು ಅಗುಳೂ ಇಲ್ಲ. ತಳದಲ್ಲಿ ಒಂದು ಚೀಟಿ: "ದಾಸ್ತಾನು ಇಲ್ಲ." ಬೇರೆ ಯಾವ ಗಂಡನಾದರೂ ಇಷ್ಟಕ್ಕೆ ನಡುಗಬೇಕಿತ್ತು. ಏಣಿಯಪ್ಪನವರು ಚೀಟಿ ಹಿಡಿದು ಹೆಮ್ಮೆಯಿಂದ ಉಬ್ಬಿಹೋದರು. ಮನೆಯಲ್ಲಿ ಕೂತೇ ಇವಳು ಸಾಫ್ಟ್‌ವೇರಿನ ಮಾತು ಕಲಿತುಬಿಟ್ಟಿದ್ದಾಳಲ್ಲ! ಸಂಜೆ ಮನೆಗೆ ಹೋಗಿ "ಭೇಷ್ ಕಣೇ" ಎಂದು ಬೆನ್ನು ತಟ್ಟಿದರು. ಹೆಂಡತಿ ದಿಂಬು ಎತ್ತಿಕೊಂಡು ಬೇರೆ ಕೋಣೆಗೆ ಹೋದರು.

ಗುರುವಾರ ಷಡ್ಡಕರ ಫೋನು. ದನಿ ಗದ್ಗದ. "ಷಡ್ಡಕ್ರೇ, ನಾನು ನಿಮ್ಮನ್ನ ಏನೋ ಅಂದ್ಕೊಂಡಿದ್ದೆ. ನಿಮ್ಮ ಮನಸ್ಸು ಇಷ್ಟು ದೊಡ್ಡದು ಅಂತ ಗೊತ್ತಿರ್ಲಿಲ್ಲ. ಹೆಚ್ಚು ಮಾತಾಡಿದ್ರೆ ಅಳು ಬರುತ್ತೆ, ಇಡ್ತೀನಿ." ಇಟ್ಟೇಬಿಟ್ಟರು. ನಮ್ಮಲ್ಲೂ ದೊಡ್ಡ ಸಾಫ್ಟ್‌ವೇರ್ ಬಂದ ಸುದ್ದಿ ತಿಳಿದು ಸೋಲೊಪ್ಪಿಕೊಂಡರೆಂದು ಏಣಿಯಪ್ಪನವರು ಮೀಸೆಯ ಮೇಲೆ ಕೈಯಾಡಿಸಿದರು. ಕ್ಷೌರದಂಗಡಿಯವನೊಬ್ಬ "ಆರೋಗ್ಯ ಚೆನ್ನಾಗೇ ಕಾಣುತ್ತಲ್ಲ ಸಾರ್, ಯಾಕೆ ಇಷ್ಟು ಬೇಗ ಬಿಟ್ರಿ?" ಎಂದು ಕೇಳಿದ. ಸಿಗರೇಟಿನ ವಿಷಯವಿರಬೇಕೆಂದು "ಮನೆಯವಳ ಕಾಟ" ಎಂದರು. ಅಂಗಡಿಯಲ್ಲಿದ್ದವರೆಲ್ಲ ಅಯ್ಯೋ ಎಂದರು.

ಶುಕ್ರವಾರ ಬಂತು. ಹತ್ತೂವರೆಗೆ ಏಣಿಯಪ್ಪನವರು ಕೈ ಉಜ್ಜಿಕೊಳ್ಳುತ್ತ ಮೇಸ್ತ್ರಿಯ ಬಳಿ ಹೋದರು. "ಎಲ್ಲಿ, ಮಾದರಿ ಏಣಿ ತೋರ್ಸು."

"ಯಾವ ಏಣಿ?"

"ಅಗ್ನಿಶಾಮಕದ್ದು ಮಾರಾಯಾ!"

"ನನಗೆ ಮೊಬೈಲಿಗೆ ಏನೂ ಬಂದಿಲ್ಲವಲ್ಲ. ನಿಮ್ಮ ಮಾತಿನಂತೆ ಮಂಗಳವಾರದಿಂದ ಹೀಗೇ ಕೂತಿದೀನಿ. ಸೊಂಟ ಹಿಡ್ಕೊಂಡಿದೆ."

ಏಣಿಯಪ್ಪನವರು ಗಾಜಿನ ಕೋಣೆಗೆ ಓಡಿದರು. ಅಷ್ಟರಲ್ಲಿ ಮೇಷ್ಟ್ರು ಬಂದು ಕಂಪ್ಯೂಟರಿನ ಮುಂದೆ ಕೂತಿದ್ದರು. ನೋಡುತ್ತ ನೋಡುತ್ತ ಅವರ ಮುಖ ಬಿಳಿಚಿತು. "ಸಾರ್, ಇದೇನು ಮಾಡಿದೀರಿ? ಹಸಿರು ನಿಜದ್ದು ಅಂತ ಹೇಳಿದ್ದೆನಲ್ಲ! ನೀವು... ನೀವು ನಿವೃತ್ತರಾಗಿದೀರಿ ಸಾರ್."

"ನಾನಾ?"

"ವಾಚ್‌ಮನ್ ವ್ಯವಸ್ಥಾಪಕರು. ನಿಮ್ಮ ಅತ್ತೆಯವರಿಗೆ ದಿನಕ್ಕೊಂದು ನೋಟೀಸು ಹೋಗ್ತಿದೆ. 'ತಮ್ಮ ಸೇವೆ ತೀರಾ ಕಳಪೆ, ಏಣಿ ತಲುಪಿಸದಿದ್ದರೆ ತಮ್ಮನ್ನು ತೆಗೆದುಹಾಕಲಾಗುವುದು' ಅಂತ. ಅರ್ಥ ಆಯ್ತಾ ಸಾರ್?"

ಜೀವಮಾನದಲ್ಲಿ ಮೊದಲ ಬಾರಿಗೆ ಏಣಿಯಪ್ಪನವರಿಗೆ ನಿಜವಾಗಿಯೂ ಅರ್ಥವಾಯಿತು. ಖಾಲಿ ಡಬ್ಬಿ, ದಿಂಬು, ಷಡ್ಡಕನ ಅಳು, ಎಲ್ಲ ಒಂದೊಂದಾಗಿ ಬಂದು ಅವರ ತಲೆಯ ಮೇಲೆ ಕೂತವು. "ಎಲ್ಲ ಅಳಿಸಿಬಿಡ್ರೀ!"

"ಅಳಿಸೋಕೆ ವ್ಯವಸ್ಥಾಪಕರು ಒಪ್ಪಬೇಕು ಸಾರ್."

ವಾಚ್‌ಮನ್‌ನನ್ನು ಕರೆಯಲು ಓಡಿದರೆ, ಅವನು ಆಗಲೇ ಅಗ್ನಿಶಾಮಕ ದಳದ ಅಧಿಕಾರಿಯ ಕೈಕುಲುಕಿ, "ನಾನೇ ಇಲ್ಲಿನ ವ್ಯವಸ್ಥಾಪಕ. ಇವರು ಹಿಂದಿನ ಯಜಮಾನ್ರು, ಪಾಪ, ದಿನಾ ಬಂದು ಹೋಗ್ತಾರೆ," ಎಂದು ಪರಿಚಯ ಮಾಡಿಕೊಡುತ್ತಿದ್ದ. ಮತ್ತೆ ಆ "ಪಾಪ"!

ಅಧಿಕಾರಿ ಆಜಾನುಬಾಹು. ಯಾರನ್ನೂ ನಂಬದ ಮುಖ. ಗಾಜಿನ ಕೋಣೆಯಲ್ಲಿ ಕೂತು ಹೇಳಿದರು: "ನೋಡ್ರೀ, ನಾನು ಎಷ್ಟೋ ಕಡೆ ಹೋಗಿ ಬಂದಿದೀನಿ. ಎಲ್ಲ ಕಡೆ ಕಂಪ್ಯೂಟರಿನಲ್ಲಿ ಚೆಂದ ಚೆಂದದ ಸುಳ್ಳು ತೋರಿಸ್ತಾರೆ. ಅಲ್ಲಿ ಏಣಿ ಇರುತ್ತೆ, ಅಂಗಳದಲ್ಲಿ ಇರಲ್ಲ. ಇವತ್ತು ನಿಮಗೆ ಏನು ಬರೋದಿದೆ, ತೋರ್ಸಿ."

ಮೇಷ್ಟ್ರು ಹಸಿರು ಪಟ್ಟಿ ತೆರೆದರು. ಹನ್ನೊಂದು ಗಂಟೆಗೆ, ರಬ್ಬರ್ ಬೂಟು, ಬಹಳ ತುರ್ತು. ಹನ್ನೊಂದು ಗಂಟೆಗೆ, ಏಣಿ, ಒಂದು.

"ಓಹೋ. ಹನ್ನೊಂದು ಆಗ್ತಾ ಬಂತು. ನೋಡೋಣ," ಎಂದು ಅಧಿಕಾರಿ ವ್ಯಂಗ್ಯವಾಗಿ ಗಡಿಯಾರ ನೋಡಿದರು.

ಏಣಿಯಪ್ಪನವರು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದರು. ಗೇಟಿನಲ್ಲಿ ಲಾರಿಯ ಹಾರನ್ ಕೇಳಿತು. ಲಾರಿಯ ಮುಂದಿನ ಸೀಟಿನಿಂದ ಷಡ್ಡಕರು ಹಾರಿ, ಓಡಿಬಂದು ಏಣಿಯಪ್ಪನವರನ್ನು ಅಪ್ಪಿಕೊಂಡರು. "ಮೂರು ದಿನ ಕಾರ್ಖಾನೆ ನಿಲ್ಲಿಸದೆ ಮಾಡಿಸಿದೀನಿ! ಕೊನೆಗೂ ನನ್ನ ಹತ್ರ ತಗೊಂಡ್ರಲ್ಲ. ನಾನು ಬಡಾಯಿ ಕೊಚ್ಚೋದು ನಿಮ್ಮ ಬಾಯಿಂದ ಒಂದ್ಸಲ ಭೇಷ್ ಅನ್ನಿಸಿಕೊಳ್ಳೋಕೇ ಷಡ್ಡಕ್ರೇ." ಲಾರಿಯಿಂದ ಬೂಟುಗಳು ಸುರಿದವು, ಇನ್ನೂ ಸುರಿದವು. ಈ ಭೂಮಿಯ ಮೇಲಿನ ಏಣಿಗಳಿಗೆಲ್ಲ ಹಾಕಿ, ಮಿಕ್ಕರೆ ಮೇಜು ಕುರ್ಚಿಗಳಿಗೂ ಹಾಕಬಹುದಿತ್ತು.

ಅಧಿಕಾರಿಯ ಹುಬ್ಬು ಮೇಲೇರಿತು. "ಒಂದು ಬಂತು. ಎಲ್ಲಿ ಏಣಿ?"

"ಎಲ್ಲಿ ಆ ಅಳಿಯ?" ಎಂಬ ಗುಡುಗು ಬೀದಿಯಿಂದಲೇ ಕೇಳಿಸಿತು. ಅತ್ತೆ ತಳ್ಳುಗಾಡಿಯ ಮೇಲೆ ಏಣಿ ಹೊರಿಸಿಕೊಂಡು, ಹಿಂದೆ ಅರ್ಧ ಬೀದಿಯನ್ನು ಕಟ್ಟಿಕೊಂಡು ಬರುತ್ತಿದ್ದರು. ಪಕ್ಕದಲ್ಲಿ ಮಗಳು, ಅಂದರೆ ಏಣಿಯಪ್ಪನವರ ಹೆಂಡತಿ, ಕೈಯಲ್ಲಿ ಖಾಲಿ ಡಬ್ಬಿ. ಏಣಿಯನ್ನು ಅಂಗಳದಲ್ಲಿ ಧಡಾರನೆ ಇಳಿಸಿ ಅತ್ತೆ ಸೊಂಟಕ್ಕೆ ಕೈಯಿಟ್ಟರು. "ತಗೊಳ್ರೀ ಅಳಿಯಂದ್ರೇ, ನಿಮ್ಮ ಏಣಿ! ನನ್ನನ್ನ ತೆಗೆದುಹಾಕ್ತೀರಾ? ನಾನು ಕಳಪೆನಾ? ಎದುರುಮನೆಯವಳು ನಿಮ್ಮ ನೋಟೀಸು ಓದಿ ಓದಿ ನಗ್ತಾಳೆ!"

ಅಧಿಕಾರಿ ಗಡಿಯಾರ ನೋಡಿದರು. ಸರಿಯಾಗಿ ಹನ್ನೊಂದು. ಕಂಪ್ಯೂಟರು ಹೇಳಿದ ವಸ್ತು ಹೇಳಿದ ಹೊತ್ತಿಗೆ ಬಂದದ್ದನ್ನು ಅವರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ನಿಧಾನವಾಗಿ ಎದ್ದು ಬಂದು ಏಣಿಯನ್ನು ಸುತ್ತು ಹಾಕಿ ನೋಡಿದರು. "ಇದೇನ್ರೀ, ಇಲ್ಲಿ ಹಸಿರು ಚುಕ್ಕೆ?"

ಏಣಿಯಪ್ಪನವರೂ ಬಗ್ಗಿ ನೋಡಿದರು. ಹೌದಲ್ಲ! ಅವತ್ತು ಅತ್ತೆ ಅವಸರ ಮಾಡಿದ್ದಕ್ಕೆ ಪರೀಕ್ಷೆ ಮುಗಿಯುವ ಮುಂಚೆಯೇ ಕೊಟ್ಟುಬಿಟ್ಟಿದ್ದರು. "ಅದು... ಇನ್ನೂ ಪರೀಕ್ಷೆಯಲ್ಲಿದೆ ಅಂತ ಅರ್ಥ ಸಾರ್," ಎಂದು ತೊದಲಿದರು.

"ಎಷ್ಟು ದಿನದಿಂದ?"

"ಹದಿನೈದು ವರ್ಷ," ಎಂದರು ಅತ್ತೆ. "ಮಳೆಗೂ ಬಿಸಿಲಿಗೂ ನನ್ನ ಹಿತ್ತಿಲಲ್ಲೇ ನಿಂತಿದೆ. ನಾನು ಹತ್ತಿದೀನಿ, ಸುಣ್ಣ ಬಳಿಯೋರು ಹತ್ತಿದಾರೆ, ಕರೆಂಟಿನೋರು ಹತ್ತಿದಾರೆ, ಬೀದಿಯೋರೆಲ್ಲ ಒಯ್ದು ಹತ್ತಿದಾರೆ. ಒಂದು ಮೆಟ್ಟಿಲು ಅಲುಗಿಲ್ಲ."

"ಹದಿನೈದು ವರ್ಷ ಪರೀಕ್ಷೆ ಮಾಡ್ತಾರಾ!" ಅಧಿಕಾರಿ ತಮ್ಮಷ್ಟಕ್ಕೆ ಅಂದುಕೊಂಡರು. ಮೇಸ್ತ್ರಿ ಹೊಸ ರಬ್ಬರ್ ಬೂಟು ತೊಡಿಸಿ ಏಣಿಯನ್ನು ಗೋಡೆಗೆ ಒರಗಿಸಿದರು. ಇದಕ್ಕೆ ಮೊಬೈಲಿನ ಅಪ್ಪಣೆ ಕೇಳಲಿಲ್ಲ. ಆ ದೊಡ್ಡ ದೇಹ ಹತ್ತಿತು, ಮೇಲಿನ ಮೆಟ್ಟಿಲಲ್ಲಿ ನಿಂತು ಕುಪ್ಪಳಿಸಿತು. ಏಣಿ ಕಿಂಚಿತ್ತೂ ಕದಲಲಿಲ್ಲ.

"ಅಮ್ಮಾ, ನಿಮಗೆ ಭಯ ಆಗ್ತಿರ್ಲಿಲ್ವಾ?" ಎಂದು ಮೇಲಿನಿಂದಲೇ ಕೇಳಿದರು.

"ಯಾಕ್ರೀ ಭಯ? ನನ್ನ ಅಳಿಯ ಮಾಡಿದ್ದು," ಎಂದರು ಅತ್ತೆ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ವಾಪಸ್ ಕೊಟ್ರೆ ಬಂದೋರಿಗೆ ಏನು ತೋರಿಸ್ಲಿ? ಮೊದಲನೇ ಏಣಿ ಅಂತ ಇಟ್ಕೊಂಡಿದ್ದೆ," ಎಂದರು.

ಏಣಿಯಪ್ಪನವರು ಅತ್ತೆಯ ಕಡೆ ತಿರುಗಿದರು. ಹದಿನೈದು ವರ್ಷ ಆ ಏಣಿಯನ್ನು ದಿಟ್ಟಿಸಿ ನೋಡಿದ್ದರು, ಅತ್ತೆಯ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಒಳಗೆ ಹೋಗಿ ನೀಲಿ ಬಣ್ಣದ ಡಬ್ಬಿ ತಂದು, ಹಸಿರು ಚುಕ್ಕೆಯ ಪಕ್ಕ ತಮ್ಮ ಕೈಯಾರೆ ನೀಲಿ ಚುಕ್ಕೆ ಇಟ್ಟರು. ಷಡ್ಡಕರ ಕಡೆ ತಿರುಗಿ "ಬೂಟು ಭೇಷ್ ಆಗಿದೆ ಷಡ್ಡಕ್ರೇ" ಎಂದರು. ಷಡ್ಡಕರು ಕರ್ಚೀಫು ತೆಗೆದರು. ಅಧಿಕಾರಿ ಕೆಳಗಿಳಿದು ಆರ್ಡರ್ ನಿಮ್ಮದೇ ಎಂದರು. ಮೇಸ್ತ್ರಿ ಸೊಂಟ ಹಿಡಿದುಕೊಂಡೇ ಚಪ್ಪಾಳೆ ತಟ್ಟಿದರು.

ಈಗ ಎಲ್ಲ ಸುಸೂತ್ರ. ಏಣಿ ಅದೇ ತಳ್ಳುಗಾಡಿಯಲ್ಲಿ ಅತ್ತೆಯ ಹಿತ್ತಿಲಿಗೆ ಮರಳಿದೆ. ಅತ್ತೆಯ ದರ್ಜೆ "ಅತ್ಯುತ್ತಮ" ಎಂದು ಬದಲಾಗಿ, ಎದುರುಮನೆಯವರಿಗೂ ಓದಿ ಹೇಳಿದ್ದಾಗಿದೆ. ಡಬ್ಬಿಯಲ್ಲಿ ಮತ್ತೆ ಊಟ ಬರುತ್ತಿದೆ. ತಡವಾದರೆ ಏಣಿಯಪ್ಪನವರು ಕಾರಣ ಕೇಳುವುದಿಲ್ಲ.

ಒಂದೇ ಒಂದು ಸಣ್ಣ ವಿಷಯ ಬಾಕಿ. ನಿವೃತ್ತರಾದವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ವ್ಯವಸ್ಥಾಪಕರ ಒಪ್ಪಿಗೆ ಬೇಕು. ಏಣಿಯಪ್ಪನವರು ಅರ್ಜಿ ಹಾಕಿದ್ದಾರೆ. ದಿನಾ ಬೆಳಗ್ಗೆ ಗೇಟಿನಲ್ಲಿ ನಿಂತು "ನನ್ನದೇನಾಯ್ತಪ್ಪಾ?" ಎಂದು ವಿಚಾರಿಸುತ್ತಾರೆ.

"ನೋಡ್ತಿದೀನಿ ಸಾಹುಕಾರ್ರೇ," ಎನ್ನುತ್ತಾನೆ ವಾಚ್‌ಮನ್, ಕುರ್ಚಿಯಿಂದ ಏಳದೆ. "ನಿಮಗೆ ಅನುಭವ ಏನೋ ಇದೆ. ಆದರೆ ಕಂಪ್ಯೂಟರು ಬರಬೇಕಲ್ಲ?"